ಪಂಡಿತಾ ರಮಾಬಾಯಿಯವರ ಜೀವನ ಚರಿತ್ರೆಯು

ಶಹಾಪುರದ ಹೊರವಲಯದಲ್ಲಿ ನಿಂತು ನೋಡುವವರಿಗೆ ಅಲ್ಲಿಯ ಬೆಟ್ಟದ ಸಾಲು ಅಂಗಾತ ಮಲಗಿದ ಒಬ್ಬ ಮನುಷ್ಯನಂತೆ ತೋರುವದು. ಹಣೆ, ಮೂಗು, ಗದ್ದ, ಎದೆ ಇವು ಒಂದರ ತರುವಾಯ ಒಂದು ಕಾಣಿಸುವದರಿಂದ ಜನರು ಅದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಅದೇ ಊರಿನಲ್ಲಿ ಚರಬಸವೇಶ್ವರರ ಗದ್ದುಗೆಗೆ ಭಕ್ತರು ನಡೆದುಕೊಳ್ಳುತ್ತಾರೆ. ಸುರಪುರ ಸೀಮೆಯ ತಿಂಥಣಿಯಲ್ಲಿ ಕೃಷ್ಣಾತೀರದ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಕೈಮುಗಿಯುತ್ತಾರೆ. ಭೀಮಾನದಿಯ ಆಚೆಯ ದಡದ ಸನ್ನತಿಯಲ್ಲಿ ೧೯೮೬ರಲ್ಲಿ ಬೆಳಕಿಗೆ ಬಂದ ಅಶೋಕ ಚಕ್ರವರ್ತಿಯ ಶಾಸನಗಳಲ್ಲಿ ಒಂದು, ತನ್ನ ಮತವನ್ನು ಮಾತ್ರ ಹೊಗಳಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆಂದು ಬೋಧಿಸುವದು. ಹೀಗೆ ನಮ್ಮ ಸೀಮೆಯಲ್ಲಿ ಅನೇಕ ಮತಗಳು ಒಂದೇ ಬಾವಿಯ ನೀರು ಕುಡಿದು ಬಾಳಿದವುಗಳಾಗಿವೆ.

ಆದರೆ ನೀನು ಈ ಮತವನ್ನೇ ಯಾಕೆ ಹಿಡಿದಿರುವಿ ಎಂದು ನಮ್ಮಲ್ಲಿ ಯಾರನ್ನಾದರೂ ಕೇಳಿದರೆ ಬರುವ ಉತ್ತರವು ಬಹುಮಟ್ಟಿಗೆ ಒಂದೇ. ತಂದೆತಾಯಿಗಳು ಹಿಡಿದಿದ್ದರು, ಆದುದರಿಂದ ನಾವೂ ಹಿಡಿದೆವು. ಮನೆಯ ಹೆಸರು, ಹೊಲದ ಪಾಲು, ತಾಯಿನುಡಿ ಇವು ಹೇಗೆ ಕೇಳದೆಯೇ ನಮ್ಮ ಪಾಲಿಗೆ ಬರುತ್ತವೆಯೋ ಹಾಗೆಯೇ ಮತವೂ ಬರುವದು. ಇದರಲ್ಲಿ ದೋಷವೇನೂ ಇಲ್ಲ. ತಾಯಿಯ ಮಡಿಲಲ್ಲಿ ಕಲಿತ ಪ್ರಾರ್ಥನೆಯು ಅನೇಕರನ್ನು ಮರಣಪರ್ಯಂತ ಕೈಬಿಡದೆ ನಡಿಸಿರುವದು. ಆದರೂ ಹುಟ್ಟಿನಿಂದ ಬಂದುದನ್ನು ಒರೆಗೆ ಹಚ್ಚಿ ನೋಡಿ, ಅದಕ್ಕಾಗಿ ಬೆಲೆ ತೆತ್ತು, ತಾವೇ ದಾರಿಯನ್ನು ಆರಿಸಿಕೊಂಡ ಜನರೂ ಉಂಟು. ಅಂಥವರಲ್ಲಿ ಕನ್ನಡ ನಾಡಿನ ಕಾಡಿನಲ್ಲಿ ಹುಟ್ಟಿ, ತಮ್ಮ ಮುಪ್ಪಿನ ಕಾಲದಲ್ಲಿ ನಮ್ಮ ಗುಲಬರ್ಗಾ ಪಟ್ಟಣದ ಹೆಣ್ಣುಮಕ್ಕಳನ್ನು ನೆನೆದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದೆ ಇಡಲು ಅಪೇಕ್ಷಿಸುತ್ತೇವೆ. ಅವರೇ ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರು ೧೮೫೮ನೆಯ ಇಸವಿ ಎಪ್ರಿಲ್ ೨೩ನೆಯ ತಾರೀಖಿನಲ್ಲಿ, ಕಾರ್ಕಳ ಸೀಮೆಯ ಮಾಳದ ಬಳಿ, ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಜನಿಸಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಬಲ್ಲಿದರು, ಪರಮ ವಿಷ್ಣುಭಕ್ತರು. ಇವರು ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಇವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಸ್ತ್ರೀಯೊಬ್ಬಳು ಶ್ಲೋಕಗಳನ್ನು ಹೇಳುವದನ್ನು ಕೇಳಿ ಶಿಷ್ಯನಿಗೆ ಆಶ್ಚರ್ಯವಾಯಿತು. ತನ್ನ ಮನೆಯಲ್ಲಿಯೂ ಹೀಗೆ ಆಗಬೇಕೆಂಬ ಬಯಕೆಯು ಅಂದಿನಿಂದ ಅವರಲ್ಲಿ ಬೇರೂರಿತು. ಮೊದಲನೆಯ ಹೆಂಡತಿಗೆ ಕಲಿಸಲು ಹೋದಾಗ ಮನೆಯ ಹಿರಿಯರು ಅದನ್ನು ನಿಲ್ಲಿಸಿಬಿಟ್ಟರು. ಆಕೆಯು ತೀರಿಹೋದ ಬಳಿಕ ಯಾತ್ರೆಯಲ್ಲಿದ್ದಾಗ ಗೋದಾವರಿಯ ತೀರದಲ್ಲಿ ಗುರುತಿಲ್ಲದ ಒಬ್ಬ ಗೃಹಸ್ಥನು ತನ್ನ ಒಂಬತ್ತು ವರುಷದ ಮಗಳಾದ ಲಕ್ಷ್ಮೀಬಾಯಿಯನ್ನು ಇವರಿಗೆ ಧಾರೆಯೆರೆದು ಕೊಟ್ಟನು. ಆಗ ಶಾಸ್ತ್ರಿಗಳಿಗೆ ನಾಲ್ವತ್ತು ದಾಟಿದ್ದಿತು.

ಈ ಎಳೆಯ ಹೆಂಡತಿಗೆ ಅವರು ಸಂಸ್ಕೃತವನ್ನು ಕಲಿಸಲಾರಂಭಿಸಿದರು. ಮನೆಯವರು ಮತ್ತೆ ತಡೆಯಲು, ಊರನ್ನೇ ಬಿಟ್ಟು ಗಂಗಾಮೂಲದ ಅಡವಿಗೆ ಹೋಗಿ ಕುಟೀರ ಕಟ್ಟಿ ವಾಸಿಸಿದರು. ಹೆಣ್ಣಿಗೆ ದೇವಭಾಷೆಯನ್ನು ಕಲಿಸುವದು ಶಾಸ್ತ್ರವಿರುದ್ಧವೆಂಬ ದೂರು ಹುಟ್ಟಿದಾಗ ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳನ್ನು ಎತ್ತಿ ತೋರಿಸಿ ತಮ್ಮ ನಡತೆಯನ್ನು ಸಮರ್ಥಿಸಿಕೊಂಡರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅವರು ತಮ್ಮ ಮತವನ್ನು ಬಿಟ್ಟವರಲ್ಲ; ಅದನ್ನು ಚೆನ್ನಾಗಿ ಓದಿದ್ದರಿಂದಲೇ ಲೋಕದ ರೂಢಿಗೆ ಅಂಜದವರು. ಮಗಳಿಗೆ ತಂದೆಯಿಂದ ಬಂದ ಮೊದಲನೆಯ ಆಸ್ತಿಯು ಇದೇ ಆಗಿತ್ತು.

ಕಾಡಿನ ಕುಟೀರಕ್ಕೆ ವಿದ್ಯಾರ್ಥಿಗಳೂ ಯಾತ್ರಿಕರೂ ಬಂದು ಉಂಡು ಹೋಗುತ್ತಿದ್ದರು. ಅತಿಥಿಸತ್ಕಾರದಲ್ಲಿ ಇದ್ದ ಆಸ್ತಿಯೆಲ್ಲವೂ ಕರಗಿತು. ರಮಾಬಾಯಿಯು ಆರು ತಿಂಗಳ ಕೂಸಾಗಿರುವಾಗಲೇ ಕುಟುಂಬವು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಆ ಯಾತ್ರೆಗೆ ಕೊನೆಯೇ ಇಲ್ಲದಾಯಿತು. ದೇವಾಲಯಗಳ ಅಂಗಳದಲ್ಲಿಯೂ ನದೀತೀರಗಳಲ್ಲಿಯೂ ಕುಳಿತು ಪುರಾಣವನ್ನು ಓದುವದು, ಕೇಳುವವರು ಇಟ್ಟ ಅಕ್ಕಿಬೇಳೆಗಳಲ್ಲಿ ದೇವರಿಗೂ ಬ್ರಾಹ್ಮಣರಿಗೂ ಪಾಲು ತೆಗೆದು ಉಳಿದುದರಿಂದ ಜೀವಿಸುವದು, ಇದೇ ಅವರ ನಿತ್ಯದ ವೃತ್ತಿಯಾಗಿತ್ತು. ರಮಾಬಾಯಿಗೆ ಎಂಟು ವರುಷವಾದಂದಿನಿಂದ ತಾಯಿಯೇ ಗುರುವಾದಳು. ಪುರಾಣ, ಕಾವ್ಯ, ವ್ಯಾಕರಣ, ಕೋಶ ಇವುಗಳನ್ನು ಮಗಳು ಬಾಯಿಪಾಠವಾಗಿ ಕಲಿತಳು. ಹದಿನೆಂಟು ಸಾವಿರ ಶ್ಲೋಕಗಳ ಭಾಗವತವು ಅವಳ ನಾಲಿಗೆಯ ಮೇಲೆ ನಿಂತಿತು. ಹಿರಿಯ ಮಗಳಾದ ಕೃಷ್ಣಾಬಾಯಿಯ ಬಾಲ್ಯವಿವಾಹವು ಸುಖಕ್ಕೆ ಬಾರದೆ ಹೋದುದರಿಂದ ಕಿರಿಯಳನ್ನು ತಂದೆಯು ಎಳೆತನದಲ್ಲಿ ಮದುವೆಮಾಡಿ ಕೊಡಲಿಲ್ಲ. ಆ ಕಾಲಕ್ಕೆ ಇದು ಸಾಮಾನ್ಯವಾದ ಧೈರ್ಯವಲ್ಲ.

ಈ ಬಾಲಿಕೆಯು ಯಾವ ಮತದವಳು ಎಂದು ಆಗ ಕೇಳಿದ್ದರೆ ಉತ್ತರವು ಸುಲಭವಾಗಿತ್ತು. ತಂದೆಯ ದೇವರೇ ಅವಳ ದೇವರು, ತಾಯಿಯ ವ್ರತವೇ ಅವಳ ವ್ರತ. ಅದನ್ನು ಒರೆಗೆ ಹಚ್ಚಿದ್ದು ಹಸಿವು.

ದಕ್ಷಿಣ ದೇಶದಲ್ಲಿ ೧೮೭೪ರಿಂದ ಮುಂದಿನ ವರುಷಗಳಲ್ಲಿ ಕ್ಷಾಮವು ಹಬ್ಬಿತು. ಪುರಾಣವನ್ನು ಕೇಳುವವರ ಕೈಯಲ್ಲಿಯೇ ಕಾಳಿಲ್ಲದ ಮೇಲೆ ಪುರಾಣಿಕರಿಗೆ ಕೊಡುವವರು ಯಾರು? ಇದ್ದ ಹಣವನ್ನು ಕುಟುಂಬವು ದಾನಧರ್ಮಗಳಲ್ಲಿ ವೆಚ್ಚಮಾಡಿತು. ದೇವರು ಮೆಚ್ಚಿ ಬಡತನವನ್ನು ನೀಗುವನೆಂದು ಉಪವಾಸವಿದ್ದರು, ಜಪಿಸಿದರು, ಪ್ರದಕ್ಷಿಣೆ ಬಂದರು. ಪಾತ್ರೆಗಳೂ ಉಡುಗೆಗಳೂ ಮಾರಿಹೋದವು. ಕೂಲಿಮಾಡಿ ಬದುಕೋಣವೆಂದರೆ ಪಂಡಿತರ ಮನೆತನಕ್ಕೆ ಕೈಕೆಲಸವು ತಿಳಿಯದು, ಬೇಡುವದಕ್ಕೆ ನಾಚಿಕೆ. ತಿರುಪತಿಯ ಸಮೀಪದ ಕಾಡಿನಲ್ಲಿ ಹಲವು ದಿನ ಎಲೆಗಳನ್ನು ತಿಂದು ಕಾಲ ಕಳೆದರು. ಮುಪ್ಪಿನಿಂದ ಕಣ್ಣು ಕಾಣದಂತಾಗಿದ್ದ ತಂದೆಯು ಪುಣ್ಯತೀರ್ಥದಲ್ಲಿ ಮುಳುಗಿ ದೇಹ ಬಿಡುವೆನೆಂದಾಗ ಮಗನಾದ ಶ್ರೀನಿವಾಸನು, ಕುಲದ ಅಭಿಮಾನವನ್ನು ಬದಿಗಿಟ್ಟು ದುಡಿದು ಸಾಕುವೆನೆಂದು ತಡೆದನು. ಆದರೆ ಅಷ್ಟರಲ್ಲಿ ಕಾಲವು ಮೀರಿತ್ತು. ತಂದೆಯು ತೀರಿಹೋದನು. ಅವನ ಬಳಿಕ ತಾಯಿಯೂ ಹೋದಳು. ತಾಯಿಯ ಶವವನ್ನು ಹೊರಲು ಸಾಕಷ್ಟು ಜನರು ದೊರೆಯದೆ ಮಕ್ಕಳಿಬ್ಬರೂ ಹೆಗಲು ಕೊಡಬೇಕಾಯಿತು. ರಮಾಬಾಯಿಯು ಕುಳ್ಳಾಗಿದ್ದುದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದಳು. ಅಕ್ಕನು ವಾಂತಿಭೇದಿಯಿಂದ ಮರಣಹೊಂದಿದಳು.

ಅಣ್ಣ ತಂಗಿಯರು ತಂದೆಯ ದಾರಿಯನ್ನು ಕೂಡಲೆ ಬಿಡಲಿಲ್ಲ. ಬರಿಗಾಲಿನಿಂದ ಪಂಜಾಬ, ಕಾಶ್ಮೀರಗಳ ತನಕ ತೀರ್ಥದಿಂದ ತೀರ್ಥಕ್ಕೆ ನಡೆದರು. ನಡೆದ ದೂರವು ನಾಲ್ಕು ಸಾವಿರ ಮೈಲುಗಳಿಗೆ ಮೀರಿತೆಂದು ಬಾಯಿಯವರು ಮುಂದೆ ಬರೆದಿದ್ದಾರೆ. ಝೇಲಂ ನದಿಯ ತೀರದಲ್ಲಿ ಹೊದಿಕೆಯಿಲ್ಲದ ಚಳಿಯ ರಾತ್ರಿಗಳಲ್ಲಿ ಗೋರಿಯಂಥ ಕುಳಿಗಳನ್ನು ತೋಡಿ, ಕುತ್ತಿಗೆಯವರೆಗೆ ಒಣ ಮರಳನ್ನು ಎಳೆದುಕೊಂಡು ಮಲಗಿದರು. ಹಿಮಾಲಯದ ಒಂದು ಸರೋವರದಲ್ಲಿ ಪಾಪರಹಿತರ ಕಡೆಗೆ ತಾವಾಗಿಯೇ ತೇಲಿಬರುವ ಏಳು ಬೆಟ್ಟಗಳಿವೆಯೆಂದು ಕೇಳಿ ಅಲ್ಲಿಗೂ ಹೋದರು. ನೀರಿಗೆ ಇಳಿಯಕೂಡದು, ಮೊಸಳೆಗಳಿವೆ ಎಂದು ಅಲ್ಲಿಯವರು ಹೆದರಿಸಿದರು. ಅಣ್ಣನು ಮುಂಜಾವಿನಲ್ಲಿ ಈಜಿಹೋಗಿ ನೋಡಲು, ಅವು ತೆಪ್ಪಗಳ ಮೇಲೆ ಮಣ್ಣು ಹಾಕಿ ಗಿಡ ನೆಟ್ಟವುಗಳೆಂದೂ ಹಿಂದಿನಿಂದ ಅವುಗಳನ್ನು ತಳ್ಳುವವರಿದ್ದರೆಂದೂ ಕಂಡಿತು. ಇಂಥ ಒಂದೊಂದು ಅನುಭವದಿಂದ ಹಳೆಯ ನಂಬಿಕೆಯ ದಾರವು ಒಂದೊಂದು ಎಳೆಯಾಗಿ ಬಿಚ್ಚಿತು. ಬೇರೆ ಮತದ ಬೋಧಕನೊಬ್ಬನು ಬಂದು ಅದನ್ನು ಕತ್ತರಿಸಿದ್ದಲ್ಲವೆಂಬದು ನೆನಪಿನಲ್ಲಿರಲಿ.

೧೮೭೮ರಲ್ಲಿ ಅವರು ಕಲಕತ್ತೆಯನ್ನು ಸೇರಿದರು. ಇಪ್ಪತ್ತು ವರುಷದ ಅವಿವಾಹಿತ ಕನ್ಯೆಯು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು. ಅವರನ್ನು ಪರೀಕ್ಷಿಸಿ ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ಬ್ರಹ್ಮಸಮಾಜದ ಮುಂದಾಳುಗಳಾದ ಕೇಶವಚಂದ್ರ ಸೇನರು ವೇದವನ್ನು ಓದಿರುವಿರಾ ಎಂದು ವಿಚಾರಿಸಿ, ಹೆಣ್ಣಿಗೆ ಅದು ಸಲ್ಲದೆಂಬ ಅಂಜಿಕೆಯನ್ನು ಬಿಡಿಸಿ, ಒಂದು ಪ್ರತಿಯನ್ನು ಕೈಗೆ ಕೊಟ್ಟರು. ಅಂತಃಪುರದ ಸ್ತ್ರೀಯರಿಗೆ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಇತರರು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ತೆರೆದು ಕುಳಿತಾಗ ಬಾಯಿಯವರಿಗೆ ಒಂದು ಸಂಗತಿ ಎದುರಾಯಿತು. ಗ್ರಂಥಗಳು ಅನೇಕ ವಿಷಯಗಳಲ್ಲಿ ಒಂದಕ್ಕೊಂದು ಭಿನ್ನವಾಗಿದ್ದರೂ ಸ್ತ್ರೀಯು ಸ್ವಭಾವದಿಂದಲೇ ಹೀನಳೆಂಬದರಲ್ಲಿಯೂ ಪತಿಸೇವೆಯ ಹೊರತು ಅವಳಿಗೆ ಬೇರೆ ಮುಕ್ತಿಯಿಲ್ಲವೆಂಬದರಲ್ಲಿಯೂ ಒಮ್ಮತವಾಗಿದ್ದುವೆಂದು ಅವರಿಗೆ ತೋರಿತು. ಶೂದ್ರರ ಗತಿಯೂ ಅದಕ್ಕಿಂತ ಲೇಸಾಗಿರಲಿಲ್ಲ. ಅದೇ ಗ್ರಂಥಗಳಲ್ಲಿ ಬೇರೆ ಬೆಳಕನ್ನು ಕಂಡ ಜ್ಞಾನಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಬಾಯಿಯವರ ತಂದೆಯೇ ಅಂಥವರಲ್ಲಿ ಒಬ್ಬರು. ಆದರೆ ಗಂಡನಿಲ್ಲದ, ತಂದೆಯಿಲ್ಲದ ಆ ಯುವತಿಯು ತನ್ನ ಸ್ಥಾನವೆಲ್ಲಿ ಎಂದು ಹುಡುಕಿದಾಗ ಕಂಡದ್ದು ಅದು.

ಆ ಬಳಿಕ ಆಪತ್ತುಗಳು ಬೆನ್ನಿಗೆ ಬೆನ್ನು ಹತ್ತಿ ಬಂದವು. ೧೮೮೦ರಲ್ಲಿ ಅಣ್ಣನು ಢಾಕೆಯಲ್ಲಿ ತೀರಿಕೊಂಡನು. ಅದೇ ವರುಷ ಬಾಯಿಯವರು ಬಿಪಿನ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಸರಕಾರಿ ನೋಂದಣಿಯ ಮೂಲಕ ವಿವಾಹವಾದರು. ವರನು ಬ್ರಾಹ್ಮಣನಲ್ಲದ್ದರಿಂದ ಬಂಧುಬಳಗವು ದೂರವಾಯಿತು. ಅಸ್ಸಾಮಿನ ಸಿಲ್ಚಾರದ ಮನೆಯಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಚಿಕ್ಕ ಪುಸ್ತಕವು ಬಾಯಿಯವರ ಕೈಗೆ ಸಿಕ್ಕಿತು. ಅದನ್ನು ಆಸಕ್ತಿಯಿಂದ ಓದಿದರು. ಊರಿನ ಮಿಶನರಿಯೊಬ್ಬರಿಂದ ಅರ್ಥವನ್ನೂ ಕೇಳಿದರು. ಹೆಂಡತಿಯು ಕ್ರೈಸ್ತಳಾಗುವದು ಪತಿಗೆ ಇಷ್ಟವಿರಲಿಲ್ಲವಾದ್ದರಿಂದ ಆ ವಿಚಾರವು ಅಲ್ಲಿಗೇ ನಿಂತಿತು. ೧೮೮೧ರ ಎಪ್ರಿಲಿನಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ೧೮೮೨ರ ಫೆಬ್ರುವರಿಯಲ್ಲಿ ಪತಿಯು ವಾಂತಿಭೇದಿಗೆ ಬಲಿಯಾದನು. ಇಪ್ಪತ್ತಮೂರು ವರುಷದ ವಿಧವೆಯು ಹಸುಗೂಸನ್ನು ಎತ್ತಿಕೊಂಡು ಪುಣೆಗೆ ಬಂದಳು.

ಪುಣೆಯಲ್ಲಿ ಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ೧೮೮೨ರಲ್ಲಿ ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಕಲಿಸಲು ಉಪಾಧ್ಯಾಯಿನಿಯರೂ, ಸ್ತ್ರೀಯರ ರೋಗಗಳನ್ನು ನೋಡಲು ಸ್ತ್ರೀ ವೈದ್ಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ನಿಶ್ಚಯಿಸಿ, ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದು, ಅದರ ಹಣದಿಂದ ೧೮೮೩ರಲ್ಲಿ ಮಗಳೊಡನೆ ಇಂಗ್ಲಂಡಿಗೆ ಹಡಗು ಹತ್ತಿದರು. ಹೊರಡುವಾಗ ತಾವು ಕ್ರೈಸ್ತಮತಕ್ಕೆ ಸೇರುವವರಲ್ಲವೆಂದು ಸ್ಪಷ್ಟವಾಗಿ ತಿಳಿಸಿದ್ದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ವಸತಿಯಾಯಿತು. ಕಿವಿ ಮಂದವಾಗಿದ್ದುದರಿಂದ ವೈದ್ಯವಿದ್ಯೆಯ ಆಶೆಯು ಮಾತ್ರ ಮುರಿಯಿತು.

ಕ್ರೈಸ್ತರಾಗೆನೆಂದು ಹೇಳಿ ಹೋದವರು ಅದೇ ವರುಷದ ಸಪ್ಟೆಂಬರ್ ೨೯ರಲ್ಲಿ ದೀಕ್ಷಾಸ್ನಾನ ಹೊಂದಿದರು. ಇದಕ್ಕೆ ಕಾರಣವೇನು? ಹಣದ ಆಶೆಯೆಂದರು ಕೆಲವರು, ಆಶ್ರಯವಿತ್ತವರ ದಾಕ್ಷಿಣ್ಯವೆಂದರು ಕೆಲವರು. ಬಾಯಿಯವರು ತಾವು ಕೊಟ್ಟ ಕಾರಣಗಳು ಎರಡು. ಮೊದಲನೆಯದು ಬುದ್ಧಿಗೆ ಸಂಬಂಧಪಟ್ಟದ್ದು. ಕಾಶಿಯ ಪಂಡಿತ ಪರಂಪರೆಯಲ್ಲಿ ಬೆಳೆದು ೧೮೪೮ರಲ್ಲಿ ಕ್ರೈಸ್ತರಾಗಿದ್ದ ನೀಲಕಂಠಶಾಸ್ತ್ರಿ ಗೋರೆಯವರು ಪುಣೆಯಲ್ಲಿಯೂ, ಬಳಿಕ ಪತ್ರಗಳ ಮೂಲಕವೂ ಅವರ ಸಂಶಯಗಳಿಗೆ ಶಾಸ್ತ್ರೀಯ ರೀತಿಯಿಂದ ಉತ್ತರ ಕೊಟ್ಟಿದ್ದರು. ಎರಡನೆಯದು ಕಣ್ಣಾರೆ ಕಂಡದ್ದು. ವಾಂಟೇಜಿನ ಸಹೋದರಿಯರು ಅವರನ್ನು ಲಂಡನ್ನಿನ ಫುಲ್ಹ್ಯಾಮಿನಲ್ಲಿದ್ದ ತಮ್ಮ ಇನ್ನೊಂದು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ದಾರಿತಪ್ಪಿದ ಸ್ತ್ರೀಯರನ್ನು ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಪ್ರೀತಿಯಿಂದ ಸಾಕಿ, ಕೆಲಸ ಕಲಿಸಿ, ಮತ್ತೆ ಮಾನವಂತರ ಸಾಲಿಗೆ ತರುತ್ತಿದ್ದರು. ಲೋಕವು ಹೊರಗೆ ಹಾಕಿದ ಹೆಂಗಸಿಗೆ ಇಂಥ ಒಂದು ಬಾಗಿಲು ತೆರೆದಿರುವದನ್ನು ಬಾಯಿಯವರು ತಮ್ಮ ಜೀವಮಾನದಲ್ಲಿ ಮೊದಲನೆಯ ಸಾರಿ ನೋಡಿದರು. ಹೀಗೆ ಮಾಡಲು ನಿಮ್ಮನ್ನು ಪ್ರೇರಿಸಿದ್ದು ಯಾವದು ಎಂದು ಅವರು ಕೇಳಿದಾಗ, ಒಬ್ಬ ಸಹೋದರಿಯು ಬಾವಿಯ ಬಳಿಯಲ್ಲಿ ಯೇಸುವು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ವೃತ್ತಾಂತವನ್ನು ಓದಿ ತಿಳಿಸಿದಳು. ಕೆಲವು ವರುಷಗಳ ಕೆಳಗೆ ಕಲಕತ್ತೆಯಲ್ಲಿ ಶಾಸ್ತ್ರಗಳ ಮುಂದೆ ಕೇಳಿದ ಪ್ರಶ್ನೆಗೆ ಅಲ್ಲಿ ತಮಗೆ ಉತ್ತರ ಸಿಕ್ಕಿತೆಂದು ಅವರಿಗೆ ಅನಿಸಿತು.

ಈ ಸುದ್ದಿಯಿಂದ ಸ್ವದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಆದರೆ ಇಂಗ್ಲಂಡಿನಲ್ಲಿ ಅವರಿಗೆ ದೀಕ್ಷೆ ಕೊಡಿಸಿದವರಿಗೂ ಶೀಘ್ರದಲ್ಲಿಯೇ ಸಂಕಟವಾಯಿತು. ಹೊಸ ಶಿಷ್ಯಳು ಹೇಳಿದುದನ್ನೆಲ್ಲಾ ಒಪ್ಪುವವಳಾಗಿರಲಿಲ್ಲ. ತ್ರ್ಯೇಕತ್ವದ ಸಿದ್ಧಾಂತವು ಗ್ರಂಥದಲ್ಲಿ ಎಲ್ಲಿದೆ ಎಂದು ಅವರು ಕೇಳಿದರು. ಬಿಷಪ್ಪರ ಆಜ್ಞೆಯೇ ದೇವರ ಆಜ್ಞೆಯೆಂಬದನ್ನು ಒಪ್ಪಲಿಲ್ಲ. ಚೆಲ್ಟನಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಪುರುಷ ವಿದ್ಯಾರ್ಥಿಗಳಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಹಿರಿಯ ಪಾದ್ರಿಗಳು ತಡೆಯಲು, ನಮ್ಮ ದೇಶದ ಪುರೋಹಿತರ ನೊಗವನ್ನು ಕಳಚಿದ ನಾನು ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆನೆಂಬ ಅರ್ಥದಲ್ಲಿ ಉತ್ತರ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳು ಯಾಕೆ, ಸಂಸ್ಕೃತ ಅಕ್ಷರಗಳು ಯಾಕಾಗಬಾರದು ಎಂದು ಕೇಳಿದರು. ಮಾಂಸಾಹಾರವನ್ನು ಮುಟ್ಟಲಿಲ್ಲ. ದೇವರನ್ನು ಸ್ವೀಕರಿಸಿದೆನು, ಆದರೆ ಇಂಗ್ಲಿಷರ ಊಟ, ಉಡುಪು, ಅಧಿಕಾರಗಳನ್ನು ಸ್ವೀಕರಿಸಿದವಳಲ್ಲ, ಇದು ಅವರ ನಡತೆಯ ತಾತ್ಪರ್ಯವಾಗಿತ್ತು. ಉಡುಪಿಯ ಸಭೆಯಲ್ಲಿ ನಿಂತ ತಂದೆಯ ರಕ್ತವು ಮಗಳಲ್ಲಿ ಬತ್ತಿರಲಿಲ್ಲ.

೧೮೮೬ರಲ್ಲಿ ಅವರು ಅಮೇರಿಕಕ್ಕೆ ಹೋಗಿ, ಫಿಲಡೆಲ್ಫಿಯದಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯ ಪದವಿಯನ್ನು ಪಡೆದ ಸಮಾರಂಭದಲ್ಲಿ ಹಾಜರಿದ್ದರು. ಮರುವರುಷ ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಾಲವಿಧವೆಯರಿಗಾಗಿ ಒಂದು ವಿದ್ಯಾಲಯವನ್ನು ತೆರೆಯಲು ಬೋಸ್ಟನ್ ಪಟ್ಟಣದಲ್ಲಿ ಅವರ ಹೆಸರಿನ ಸಂಘವು ಹುಟ್ಟಿ ಹಣವನ್ನು ಒದಗಿಸಿತು. ಆ ವಿದ್ಯಾಲಯದಲ್ಲಿ ಯಾವ ಮತದ ಬೋಧನೆಯೂ ನಡೆಯಬಾರದೆಂಬದು ಕರಾರು. ೧೮೮೯ರ ಮಾರ್ಚ್ ೧೧ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ಪ್ರಾರಂಭವಾಯಿತು. ಮರುವರುಷ ಪುಣೆಗೆ ವರ್ಗವಾಯಿತು. ವಿಧವೆಯರು ತಮ್ಮ ಜಾತಿಯ ಆಚಾರದಂತೆ ಉಂಡು, ತಮ್ಮ ಪೂಜೆಗಳನ್ನು ನಡಿಸಿಕೊಂಡು ಕಲಿಯಲು ಅಲ್ಲಿ ಅನುಕೂಲವಿತ್ತು. ಮೊದಲನೆಯ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯು ೧೮೯೩ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾದರು. ಆ ಕರ್ವೆಯವರೇ ಮುಂದೆ ಸ್ತ್ರೀಯರಿಗಾಗಿ ವಿಶ್ವವಿದ್ಯಾಲಯವನ್ನು ಕಟ್ಟಿದ ಮಹರ್ಷಿಗಳು.

ಇನ್ನು ಹೇಳುವ ಸಂಗತಿಯು ನಮ್ಮಂಥ ಶಾಲೆಗೆ ಮಕ್ಕಳನ್ನು ಕಳುಹುವ ತಂದೆತಾಯಿಗಳ ಮನಸ್ಸಿಗೆ ಹತ್ತಿರವಾದುದು. ಬಾಯಿಯವರು ಪ್ರಾತಃಕಾಲ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವರು ಹುಡುಗಿಯರು ತಾವಾಗಿಯೇ ಬಂದು ಕೂಡತೊಡಗಿದರು. ಯಾರನ್ನೂ ಕರೆಯಲಿಲ್ಲ, ಬಂದವರನ್ನು ಕಳುಹಿಸಲೂ ಇಲ್ಲ. ಇದರಿಂದ ಪುಣೆಯಲ್ಲಿ ವಿವಾದವು ಹೊತ್ತಿಕೊಂಡಿತು. ತಿಲಕರ ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. ೧೮೯೩ರಲ್ಲಿ ಸಲಹಾ ಮಂಡಲಿಯಲ್ಲಿದ್ದ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರ್ಕರ್ ಮೊದಲಾದ ಹಿತೈಷಿಗಳು ರಾಜೀನಾಮೆ ಕೊಟ್ಟರು. ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಇಲ್ಲಿ ಯಾರದು ಸರಿ? ರಾನಡೆಯವರು ಸಂಕುಚಿತ ಬುದ್ಧಿಯವರಲ್ಲ. ವಿಧವೆಯರ ಹಿತಕ್ಕಾಗಿ ನಿಂದೆಯನ್ನು ಸಹಿಸಿದವರು. ಆಶ್ರಯಕ್ಕೆ ಬಂದ ಎಳೆಯ ಮನಸ್ಸು ಆಶ್ರಯ ಕೊಟ್ಟವಳ ದೇವರ ಕಡೆಗೆ ಒಲಿಯುವದು ಸಹಜ, ಅದನ್ನು ಪೂರ್ಣ ಸ್ವಾತಂತ್ರ್ಯದ ಆಯ್ಕೆಯೆನ್ನಲಾಗದು ಎಂಬ ಅವರ ಪಕ್ಷದ ಚಿಂತೆಯು ನ್ಯಾಯವಾದುದು. ಬಾಯಿಯವರ ಪಕ್ಷವೂ ಸುಳ್ಳಲ್ಲ. ಹುಡುಗಿಯು ತನ್ನ ಪೂಜೆಯನ್ನು ಮಾಡುವಾಗ ನಾನು ತಡೆಯದಿದ್ದರೆ, ಅವಳು ನನ್ನ ಪ್ರಾರ್ಥನೆಗೆ ಬಂದಾಗ ನಾನು ಯಾಕೆ ತಡೆಯಬೇಕು, ಓದುಬರಹ ಕಲಿಸಿ ಕಣ್ಣು ತೆರೆಸಿದ ಬಳಿಕ ಇದನ್ನು ನೋಡು, ಅದನ್ನು ನೋಡಬೇಡ ಎಂದು ಹೇಳುವದು ಹೇಗೆ ಎಂಬದು ಅವರ ಭಾವನೆ. ಇಬ್ಬರೂ ಹುಡುಗಿಯ ಹಿತವನ್ನೇ ನೆನೆದಿದ್ದರು. ಆದರೆ ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ಆ ಗದ್ದಲದಲ್ಲಿ ಕೇಳಿದವರು ಕಡಿಮೆ. ತಮಗಾಗಿ ಬೇರೆಯವರು ಆರಿಸುವದನ್ನು ಎಂದೂ ಸಹಿಸದ ಬಾಯಿಯವರು ಎರಡು ವರುಷದ ಮನೋರಮೆಗೆ ತಮ್ಮ ಸಂಗಡಲೇ ದೀಕ್ಷಾಸ್ನಾನ ಮಾಡಿಸಿದರು. ಅವಳಿಗೆ ಯಾವ ಉಪದೇಶ ಸಲ್ಲಬೇಕೆಂಬದನ್ನೂ ತಾವೇ ನಿರ್ಣಯಿಸುವೆವೆಂದು ಸಹೋದರಿಯರೊಡನೆ ವಾದಿಸಿದರು. ತಾಯಿಯಾದ ಮೇಲೆ ಅನಂತಶಾಸ್ತ್ರಿಗಳ ಮಗಳೂ ಎಲ್ಲಾ ತಾಯಂದಿರಂತೆ ತನ್ನ ದೀಪದಿಂದಲೇ ಮಗಳ ದೀಪವನ್ನು ಹಚ್ಚಿದಳು. ಇದನ್ನು ಮುಚ್ಚಿಡುವದು ಚರಿತ್ರೆಗೆ ತಕ್ಕದ್ದಲ್ಲ.

ಸ್ವತಃ ಬಾಯಿಯವರು ತಮ್ಮ ಆಯ್ಕೆಯು ೧೮೮೩ರಲ್ಲಿಯೇ ಮುಗಿಯಿತೆಂದು ಭಾವಿಸಲಿಲ್ಲ. ತಾನು ಕ್ರೈಸ್ತಮತವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲವೆಂದೂ, ದೀಕ್ಷೆಯಾಗಿ ಎಂಟು ವರುಷಗಳ ಬಳಿಕ ಮಾತ್ರ ಮನಸ್ಸಿಗೆ ಶಾಂತಿ ದೊರೆಯಿತೆಂದೂ ಅವರು ಬರೆದಿಟ್ಟಿದ್ದಾರೆ. ಮತವನ್ನು ಸೇರುವದು ಒಂದು ದಿನದ ಕೆಲಸವಾಗಬಹುದು. ಅದರಲ್ಲಿ ನೆಲೆಗೊಳ್ಳಲು ವರುಷಗಳು ಬೇಕು.

೧೮೯೭ರ ಕ್ಷಾಮದಲ್ಲಿ ಬಾಯಿಯವರಿಗೆ ತಮ್ಮ ಬಾಲ್ಯದ ಎಲೆಯೂಟವು ನೆನಪಾಯಿತು. ಮಧ್ಯಪ್ರಾಂತಗಳಿಗೆ ತಾವೇ ಹೋಗಿ ಸುಮಾರು ೩೦೦ ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿಸದನವು ಕಟ್ಟಲ್ಪಟ್ಟಿತು. ೧೯೦೦ರ ಗುಜರಾತ ಕ್ಷಾಮದ ಬಳಿಕ ಅಲ್ಲಿಯ ನಿವಾಸಿಗಳ ಸಂಖ್ಯೆಯು ಸುಮಾರು ೨,೦೦೦ಕ್ಕೆ ಏರಿತು. ನೇಯ್ಗೆ, ಒಕ್ಕಲುತನ, ಅಡಿಗೆ, ಮುದ್ರಣ ಇವುಗಳನ್ನು ಹೆಣ್ಣುಮಕ್ಕಳೇ ನಡಿಸಿದರು. ಫುಲ್ಹ್ಯಾಮಿನಲ್ಲಿ ಕಂಡ ಬಾಗಿಲಿನಂತೆಯೇ ಕೃಪಾಸದನವೆಂಬ ಬಾಗಿಲು ಇಲ್ಲಿಯೂ ತೆರೆಯಿತು, ಕುರುಡರಿಗೂ ಶಾಲೆಯಾಯಿತು. ಈ ಸದನವು ಪೂರ್ಣವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. ಹಸಿವಿನಿಂದ ಬಂದವರು ಅನ್ನವಿತ್ತ ಮನೆಯ ಮತವನ್ನು ಹಿಡಿದರೆ ಅದು ಆಯ್ಕೆಯೇ ಎಂಬ ಪ್ರಶ್ನೆಯನ್ನು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಹೌದು. ಅದರ ಜೊತೆಗೆ, ಆ ವರುಷ ಆ ಮಕ್ಕಳು ದಾರಿಯ ಬದಿಯಲ್ಲಿ ಬಿದ್ದಿರುವಾಗ ಎತ್ತಿಕೊಳ್ಳಲು ಇನ್ನು ಯಾರು ಹೋದರು ಎಂಬ ಪ್ರಶ್ನೆಯನ್ನೂ ಎಲ್ಲಾ ಮತದವರು ತಮಗೆ ತಾವೇ ಹಾಕಿಕೊಳ್ಳಬೇಕು.

ನಮ್ಮ ಸೀಮೆಗೆ ಬಾಯಿಯವರ ಸಂಬಂಧವು ಬಂದದ್ದು ೧೯೧೨ರಲ್ಲಿ. ಆಗ ಶಹಾಪುರ, ಸುರಪುರ, ಯಾದಗಿರಿಗಳೆಲ್ಲವೂ ನಿಜಾಮರ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಯಾದಗಿರಿಯು ಬೇರೆ ಜಿಲ್ಲೆಯಾದದ್ದು ೨೦೦೯ರ ಕೊನೆಯಲ್ಲಿ. ವಿದ್ಯೆಯಲ್ಲಿ ಬಹಳ ಹಿಂದುಳಿದಿದ್ದ ಈ ಭಾಗದ ಗುಲಬರ್ಗಾ ಪಟ್ಟಣದಲ್ಲಿ ಬಾಯಿಯವರು ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಮನೋರಮಾಬಾಯಿಯವರು ಅದರ ಮುಖ್ಯೋಪಾಧ್ಯಾಯಿನಿಯಾದರು. ಕನ್ನಡ ನೆಲದಲ್ಲಿ ಹುಟ್ಟಿ ಆರು ತಿಂಗಳಿಗೆ ನೆಲವಿಲ್ಲದಂತಾದ ತಾಯಿಯ ಮಗಳು ಕನ್ನಡ ನೆಲಕ್ಕೆ ಗುರುವಾಗಿ ಬಂದಳು.

ಬಾಯಿಯವರ ಕೊನೆಯ ವರುಷಗಳು ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸರಳ ಮರಾಠಿಗೆ ತರುವದರಲ್ಲಿ ಕಳೆದವು. ಇದಕ್ಕಾಗಿ ಆ ಭಾಷೆಗಳನ್ನು ಮುಪ್ಪಿನಲ್ಲಿ ಕಲಿತರು. ಯಾರೋ ಅರ್ಥಮಾಡಿ ಹೇಳಿದುದನ್ನು ನಂಬುವದಕ್ಕಿಂತ ಮೂಲವನ್ನೇ ತೆರೆದು ನೋಡುವ ಅಭ್ಯಾಸವನ್ನು ಗಂಗಾಮೂಲದ ತಂದೆಯೂ ತಾಯಿಯೂ ಕಲಿಸಿದ್ದರು. ಆ ಅಭ್ಯಾಸವು ಕೊನೆಯ ವರೆಗೆ ಬಿಡಲಿಲ್ಲ. ೧೯೧೯ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. ೧೯೨೧ರ ಜುಲೈಯಲ್ಲಿ ಮನೋರಮಾಬಾಯಿಯವರು ತಾಯಿಗಿಂತ ಮುಂಚೆಯೇ ತೀರಿಕೊಂಡರು. ಈ ದುಃಖವನ್ನು ಹೊತ್ತು ಭಾಷಾಂತರದ ಕೆಲಸವನ್ನು ಪೂರೈಸಿ, ೧೯೨೨ರ ಎಪ್ರಿಲ್ ೫ರಲ್ಲಿ ಬಾಯಿಯವರು ಕೇಡಗಾಂವದಲ್ಲಿ ದೇಹವಿಟ್ಟರು. ೧೯೮೯ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಮನುಷ್ಯರು ಮತವನ್ನು ಯಾಕೆ ಹಿಡಿಯುತ್ತಾರೆಂಬ ಪ್ರಶ್ನೆಗೆ ಈ ಚರಿತ್ರೆಯು ಒಂದೇ ಉತ್ತರವನ್ನು ಕೊಡುವದಿಲ್ಲ. ಅನಂತಶಾಸ್ತ್ರಿಗಳು ಹುಟ್ಟಿದ ಮತದಲ್ಲಿಯೇ ನಿಂತು ಅದರ ರೂಢಿಯನ್ನು ಎದುರಿಸಿದರು. ಗೋರೆಯವರು ವ್ಯಾಸಂಗ ವಾದಗಳ ದಾರಿಯಿಂದ ಹೊಸ ಮತಕ್ಕೆ ಬಂದರು. ಕ್ಷಾಮದ ಮಕ್ಕಳು ಅನ್ನದ ಹಿಂದೆ ಬಂದರು. ಮನೋರಮೆಯು ತಾಯಿಯ ಕೈ ಹಿಡಿದು ಬಂದಳು. ಬಾಯಿಯವರ ಬಳಿಕ ಬಾಬಾಸಾಹೇಬ ಅಂಬೇಡಕರರು ಹುಟ್ಟಿದ ಮತವನ್ನು ಬಿಡುವೆನೆಂದು ೧೯೩೫ರಲ್ಲಿ ಸಾರಿ, ಇಪ್ಪತ್ತೊಂದು ವರುಷ ಓದಿ ವಿಚಾರಿಸಿ, ೧೯೫೬ರ ಅಕ್ಟೋಬರ್ ೧೪ರಲ್ಲಿ ನಾಗಪುರದಲ್ಲಿ ಬುದ್ಧನ ದಾರಿಯನ್ನು ಹಿಡಿದರು. ಇಬ್ಬರ ದಾರಿ ಬೇರೆ. ಕೇಳಿದ ಪ್ರಶ್ನೆಯು ಹತ್ತಿರದ್ದು. ಲೋಕವು ತಳ್ಳಿಹಾಕಿದವರಿಗೆ ಈ ಮತದಲ್ಲಿ ಎಂಥ ಸ್ಥಾನವಿದೆ ಎಂದು ಇಬ್ಬರೂ ಕೇಳಿದರು. ಈ ವಿಚಾರಕ್ಕೆ ಬೇಕಾದ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ಎಲ್ಲರಿಗೂ ಕೊಟ್ಟಿರುವದು.

ಈ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳಲ್ಲಿ ಎಲ್ಲಾ ಮತದವರೂ ಇದ್ದಾರೆ. ಬಾಯಿಯವರಂತೆ ಮತವನ್ನು ಬದಲಿಸಿರೆಂದು ಅವರಿಗೆ ಹೇಳಲು ಈ ಚರಿತ್ರೆಯನ್ನು ಬರೆದಿಲ್ಲ; ಬದಲಿಸಬೇಡಿರೆಂದು ಹೇಳಲೂ ಬರೆದಿಲ್ಲ. ನೀವು ಹಿಡಿದಿರುವ ಗ್ರಂಥವನ್ನು ನೀವೇ ತೆರೆದು ಓದಿರಿ. ಅದು ವಿಧವೆಗೆ, ಹಸಿದವಳಿಗೆ, ದಾರಿತಪ್ಪಿದವಳಿಗೆ ಏನು ಹೇಳುವದೆಂದು ನೋಡಿರಿ. ಹೇಳುವ ಮಾತನ್ನು ನಿಮ್ಮ ಮನೆಯಲ್ಲಿ ನಡಿಸುತ್ತಿದ್ದೀರೋ ಎಂದು ವಿಚಾರಿಸಿರಿ. ಪಾಲಕರಾದ ಮಹನೀಯರಿಗೆ ನಮ್ಮದೊಂದು ಬಿನ್ನಹವಿದೆ. ಮಗಳು ಒಂದು ದಿನ ನಿಮ್ಮ ಬಳಿಗೆ ಬಂದು, ನಾವು ಇದನ್ನೇ ಯಾಕೆ ನಂಬುತ್ತೇವೆ ಎಂದು ಕೇಳಿದರೆ ಸಿಟ್ಟಾಗಬೇಡಿರಿ. ಕುಳ್ಳಿರಿಸಿಕೊಂಡು, ತಿಳಿದಷ್ಟನ್ನು ಹೇಳಿರಿ. ಗಂಗಾಮೂಲದ ಕುಟೀರದಲ್ಲಿ ಅನಂತಶಾಸ್ತ್ರಿಗಳು ಲಕ್ಷ್ಮೀಬಾಯಿಯನ್ನು ಕುಳ್ಳಿರಿಸಿಕೊಂಡು ಮೊದಲನೆಯ ಅಕ್ಷರವನ್ನು ಹೇಳಿಕೊಟ್ಟದ್ದರಿಂದಲೇ ಇಷ್ಟೆಲ್ಲಾ ಆಯಿತು.